ಎಎಂಡಿ ಎಂದಿದ್ದಲ್ಲೆಲ್ಲ ಹೈಗಾನ್ ಸೇರಿಸಿದರೆ ಸಾಕೇ?

ಪ್ರಶ್ನೆ: ಲಿನಕ್ಸ್ ಕರ್ನಲ್ಲಿನ ಕೆವಿಎಂ (ವರ್ಚುವಲ್ ಯಂತ್ರಗಳನ್ನು ಓಡಿಸುವ ಭಾಗ) ಸೆಲ್ಫ್‌ಟೆಸ್ಟ್‌ಗಳು ಚೀನಾದ ಹೈಗಾನ್ ಕಂಪನಿಯ ಪ್ರೊಸೆಸರಿನಲ್ಲೂ ಓಡಲೆಂದು ಒಂದು ಪ್ಯಾಚ್ ರಿವ್ಯೂಗೆ ಬಂದಿದೆ. ‘ಇದು ಎಎಂಡಿಯೇ?’ ಎಂದು ನೋಡುವ ಫಂಕ್ಷನ್ನೇ ಹೈಗಾನ್‌ಗೂ ಹೌದು ಎನ್ನುವಂತೆ ತಿದ್ದಿದ್ದಾರೆ. ಒಪ್ಪಬಹುದೇ?

ಉತ್ತರ: ಹಾಗೇ ಒಪ್ಪಬೇಡಿ. ಹೈಗಾನ್‌ನ ಧ್ಯಾನ ಚಿಪ್ ಎಎಂಡಿಯ ಝೆನ್ ವಿನ್ಯಾಸದಿಂದ ಬಂದದ್ದು, ಎಎಂಡಿಯ ವರ್ಚುವಲೈಸೇಶನ್ ಸೌಲಭ್ಯವಾದ ಎಸ್‌ವಿಎಂ ಅನ್ನೇ ಬಳಸುತ್ತದೆ, ನಿಜ. ಆದರೆ ಸಿಪಿಯುಐಡಿಯಲ್ಲಿ (ಪ್ರೊಸೆಸರ್ ತನ್ನ ಗುರುತು ಹೇಳುವ ಸೂಚನೆ) ಸಿಗುವ 12 ಬೈಟಿನ ತಯಾರಕರ ಹೆಸರು ಬೇರೆ. ಹೆಸರು ನೋಡುವ ಫಂಕ್ಷನ್ ನಿಜವಾದ ಹೆಸರನ್ನೇ ಹೇಳಲಿ. ‘ಎಎಂಡಿಯಂತೆ ನಡೆಯುವುದೇ?’ ಎಂಬುದಕ್ಕೆ ಇನ್ನೊಂದು ಫಂಕ್ಷನ್ ಬರೆಸಿ, ಕರೆಯುವ ಒಂದೊಂದು ಜಾಗಕ್ಕೂ ಎರಡರಲ್ಲಿ ಯಾವುದು ಬೇಕೆಂದು ಕೇಳಿ.

ಮೊದಲು ಹೈಪರ್‌ಕಾಲ್ ಟೆಸ್ಟ್ ತೆರೆಯಿರಿ. ಗೆಸ್ಟ್ (ವರ್ಚುವಲ್ ಯಂತ್ರ) ತನ್ನನ್ನು ಓಡಿಸುವ ಕೆವಿಎಂ ಅನ್ನು ಕರೆಯುವುದೇ ಹೈಪರ್‌ಕಾಲ್; ಅದರ ಸೂಚನೆ ಹೆಕ್ಸ್ ಬೈಟುಗಳಲ್ಲಿ ಹೀಗಿದೆ. ಇಂಟೆಲ್‌ನ ವಿಎಂಕಾಲ್ 0ಎಫ್ 01 ಸಿ1, ಎಎಂಡಿಯ ವಿಎಂಎಂಕಾಲ್ 0ಎಫ್ 01 ಡಿ9. ಬೇರೆಯಾಗುವುದು ಕೊನೆಯ ಬೈಟ್ ಒಂದೇ. ಗೆಸ್ಟ್ ತಪ್ಪಾದದ್ದನ್ನು ಬಳಸಿದರೆ ಕೆವಿಎಂ ಗೆಸ್ಟಿನ ಮೆಮೊರಿಯಲ್ಲೇ ಅದನ್ನು ತಿದ್ದಿಬಿಡುತ್ತದೆ. ಈ ಕ್ವಿರ್ಕನ್ನು, ಅಂದರೆ ತಿದ್ದುವ ಈ ವರ್ತನೆಯನ್ನು, ಆಫ್ ಮಾಡಿದಾಗ ಮಾತ್ರ ಗೆಸ್ಟಿಗೆ 6ನೇ ಎಕ್ಸೆಪ್ಶನ್, ಅಂದರೆ ಅಮಾನ್ಯ ಆಪ್‌ಕೋಡ್, ಬರುತ್ತದೆ. ಹೀಗಾಗಿ ಹೈಗಾನ್ ಮೇಲೆ ವಿಎಂಕಾಲ್ ಬಳಸುವ ತಪ್ಪು ಬೇರೆ ಟೆಸ್ಟುಗಳಲ್ಲಿ ಸದ್ದಿಲ್ಲದೆ ಪಾಸಾಗಿಬಿಡಬಹುದು. ಹಿಡಿಯುವುದು ಬೈಟ್‌ಗಳನ್ನೇ ಹೋಲಿಸುವ ಈ ಟೆಸ್ಟು. ‘ಇಂಟೆಲ್ ಅಲ್ಲದಿದ್ದರೆ ಎಎಂಡಿ’ ಎಂಬ ಎಲ್ಸ್ ಕಂಡರೆ ತೆಗೆಸಿ. ಗುರುತಿಲ್ಲದ ಪ್ರೊಸೆಸರ್ ಬಂದರೆ ಟೆಸ್ಟ್ ಜೋರಾಗಿ ಫೇಲ್ ಆಗಬೇಕು.

ಹೆಚ್ಚಾಗಿ ಕಣ್ತಪ್ಪುವುದು ಗೆಸ್ಟಿನ ಮೆಮೊರಿಯ ಗರಿಷ್ಠ ಪುಟಸಂಖ್ಯೆ (ಪೇಜ್ ನಂಬರ್) ಲೆಕ್ಕಹಾಕುವ ಜಾಗ. ಎಎಂಡಿಯಲ್ಲಿ ಹೈಪರ್‌ಟ್ರಾನ್ಸ್‌ಪೋರ್ಟ್ ಎಂಬ ಚಿಪ್ ಸಂಪರ್ಕಕ್ಕಾಗಿ 12 ಜಿಬಿ ವಿಳಾಸ ಮೀಸಲು: ಪ್ರೊಸೆಸರ್ ಫ್ಯಾಮಿಲಿ 17 (ಹೆಕ್ಸ್) ಬರುವ ಮುಂಚೆ ಅದು 1 ಟಿಬಿಯ ಕೆಳಗೇ ಇತ್ತು, ಆಮೇಲೆ ಭೌತಿಕ ವಿಳಾಸದ ತುತ್ತತುದಿಗೆ ಹೋಯಿತು. ಹೈಗಾನ್ ಫ್ಯಾಮಿಲಿ 18 (ಇದೂ ಹೆಕ್ಸ್). ಇಲ್ಲಿ ಹೈಗಾನ್ ಸೇರಿಸಲು ಮರೆತರೆ ಟೆಸ್ಟ್ ಮೀಸಲು ಜಾಗಕ್ಕೇ ಮೆಮೊರಿ ಹೊಂದಿಸಿ, ಸಂಬಂಧವೇ ಇಲ್ಲದಂತೆ ಕಾಣುವ ಕಡೆ ಬೀಳುತ್ತದೆ.

ಗೆಸ್ಟ್ ಕೋಡಿನೊಳಗೆ ಸಿಪಿಯುಐಡಿ ನೋಡಿ ಹೈಪರ್‌ಕಾಲ್ ಆರಿಸುವ ಸಾಲಿದ್ದರೂ ತಡೆಯಿರಿ. ಟೆಸ್ಟ್ ಗೆಸ್ಟಿಗೆ ಯಾವ ಹೆಸರನ್ನಾದರೂ ತೋರಿಸಬಹುದು, ಆದರೆ ಕೋಡ್ ಓಡುವುದು ಹೋಸ್ಟಿನ, ಅಂದರೆ ನಿಜವಾದ ಯಂತ್ರದ, ಚಿಪ್ಪಿನ ಮೇಲೆ. ಹೋಸ್ಟಿನಲ್ಲೇ ಒಮ್ಮೆ ಪತ್ತೆಮಾಡಿ, ಗ್ಲೋಬಲ್ ವೇರಿಯಬಲ್ಲಿನಲ್ಲಿ ಗೆಸ್ಟಿಗೆ ನಕಲಿಸಬೇಕು. ನೆಸ್ಟೆಡ್ (ಗೆಸ್ಟಿನೊಳಗೆ ಇನ್ನೊಂದು ಗೆಸ್ಟ್ ಓಡಿಸುವ) ಟೆಸ್ಟುಗಳಿಗಂತೂ ಹೆಸರೇ ಬೇಡ; ಎಸ್‌ವಿಎಂ ಇದೆಯೇ ಎಂಬ ಫೀಚರ್ ಬಿಟ್ ನೋಡಿದರೆ ಆಯಿತು.

ಕಡೆಗೆ, ಹೈಗಾನ್ ಯಂತ್ರದ ಫಲಿತಾಂಶ ಕೇಳಿ ಪಡೆಯಿರಿ. ಅದರಲ್ಲಿ ಎಗ್ಸಿಟ್ ಕೋಡ್ 4 ಎಲ್ಲೆಲ್ಲಿದೆ ನೋಡಿ. ಅದು ಸ್ಕಿಪ್, ಪಾಸ್ ಅಲ್ಲ.