ಸಿಎ ಆಗದಿದ್ದರೆ ನಾನು ಏನೂ ಅಲ್ಲವಾ?

ನನ್ನ ಹತ್ತಿರ ಸಲಹೆ ಕೇಳಲು ಬಂದಿದ್ದ ಇವರನ್ನು ಸುಮಾ ಅಂತ ಕರೆಯುತ್ತೇನೆ. ಗುರುತು ಸಿಗಬಾರದು ಅಂತ ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು 26, ಬಿಕಾಂ ಆಗಿದೆ. ಸಿಎ (ಚಾರ್ಟರ್ಡ್ ಅಕೌಂಟೆಂಟ್) ಕೋರ್ಸಿನ ಮಧ್ಯದ ಹಂತವಾದ ಇಂಟರ್ ಪರೀಕ್ಷೆ ನಾಲ್ಕು ಸಲ ಬರೆದಿದ್ದಾರೆ. ಅದರ ಎರಡು ಗ್ರೂಪ್‌ಗಳಲ್ಲಿ ಒಂದು ಪಾಸ್, ಇನ್ನೊಂದು ಕೈಗೆ ಸಿಗುತ್ತಿಲ್ಲ. ಮೂರು ವರ್ಷದಿಂದ ಒಬ್ಬ ತೆರಿಗೆ ಸಲಹೆಗಾರರ ಆಫೀಸಿನಲ್ಲಿ ಕೆಲಸ.

"ಮನೆಗೆ ನೆಂಟರು ಬಂದ್ರೆ ನಾನು ರೂಮಿಂದ ಆಚೆ ಬರಲ್ಲ ಮೇಡಂ" ಅಂದರು. "ಪಾಸಾಯ್ತಾ?" ಅನ್ನುವ ಪ್ರಶ್ನೆಯ ಭಯ. ನಿದ್ದೆ ಕಡಿಮೆಯಾಗಿತ್ತು. ಸಾಯುವ ಯೋಚನೆ ಬರುತ್ತದಾ ಅಂತ ನೇರವಾಗಿಯೇ ಕೇಳಿದೆ. ಇಲ್ಲ ಅಂದರು.

ಮೊದಲ ದಿನ ಸಲಹೆ ಏನೂ ಕೊಡಲಿಲ್ಲ. ಆಫೀಸಿನ ಕೆಲಸ ಹೇಗಿರುತ್ತೆ ಹೇಳಿ ಅಂದೆ. ಬ್ಯಾಗಿನಿಂದ ಒಂದು ಉದ್ದನೆಯ ನೋಟ್‌ಬುಕ್ ತೆಗೆದರು. ಪುಟಕ್ಕೊಬ್ಬ ವ್ಯಾಪಾರಿ. ಕೆಂಪು ಪೆನ್ನಿನಲ್ಲಿ ತಾರೀಕು: ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ರಿಟರ್ನ್‌ಗೆ 11, ಲೆಕ್ಕ ಕೊಟ್ಟು ತೆರಿಗೆ ಕಟ್ಟುವ 3ಬಿ ರಿಟರ್ನ್‌ಗೆ 20, ಅದನ್ನೇ ಮೂರು ತಿಂಗಳಿಗೊಮ್ಮೆ ಫೈಲ್ ಮಾಡುವವರಿಗೆ 22. ಪಕ್ಕದಲ್ಲಿ ಸಣ್ಣಕ್ಷರದಲ್ಲಿ, "ಓಟಿಪಿಗೆ ಮಗನಿಗೆ ಫೋನ್ ಮಾಡಬೇಕು", "2 ಗಂಟೆ ಮೇಲೆ ಅಂಗಡಿ ಮುಚ್ಚಿರುತ್ತೆ".

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಕರ್ನಾಟಕದ ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಿತ್ತಲ್ಲ, ಆಗ ಒಬ್ಬ ಕಾಂಡಿಮೆಂಟ್ಸ್ ಅಂಗಡಿಯವರು ಹಾಲಿನ ಬಿಲ್ಲುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿಕೊಂಡು ಇವರ ಹತ್ತಿರ ಬಂದಿದ್ದರಂತೆ. ಕೈ ನಡುಗುತ್ತಿತ್ತಂತೆ. ಹಾಲು, ಬ್ರೆಡ್ಡಿಗೆ ತೆರಿಗೆ ಇಲ್ಲ; ಬಿಸ್ಕತ್ತು, ಸಿಗರೇಟಿಗೆ ಇದೆ. ಆದರೆ ಜಿಎಸ್‌ಟಿ ನೋಂದಣಿಗೆ ವರ್ಷದ ವಹಿವಾಟಿನ 40 ಲಕ್ಷದ ಮಿತಿ ನೋಡುವಾಗ ಎಲ್ಲವೂ ಸೇರುತ್ತವೆ. ಸುಮಾ ಎರಡು ಸಂಜೆ ಕೂತು ಬಿಲ್ಲುಗಳನ್ನು ಬೇರೆ ಬೇರೆ ಮಾಡಿ ಉತ್ತರ ಬರೆದುಕೊಟ್ಟರು. ಇದನ್ನು ಹೇಳುವಾಗ ಅವರ ದನಿಯೇ ಬೇರೆ ಇತ್ತು. ನೆಂಟರ ವಿಷಯ ಮರೆತೇ ಹೋಗಿತ್ತು.

ಅಲ್ಲೇ ನನಗೆ ಗಂಟು ಕಂಡಿತು. ತೆರಿಗೆ ಕೆಲಸ ಮಾಡುವುದು, ಸಿಎ ಆಗುವುದು, ಎರಡನ್ನೂ ಅವರು ಒಂದೇ ಅಂದುಕೊಂಡಿದ್ದರು. ಕೆಲಸವನ್ನು ಆಗಲೇ ಮಾಡುತ್ತಿದ್ದರು, ಆದರೆ ಎಲ್ಲವೂ ಮಾಲೀಕರ ಹೆಸರಿನಲ್ಲಿ.

ಎರಡನೆಯ ಭೇಟಿಯಲ್ಲಿ ಹೇಳಿದ್ದು ಇಷ್ಟು. ಬಿಕಾಂ ಪದವಿ ಮೇಲೆಯೇ ಜಿಎಸ್‌ಟಿ ಪ್ರಾಕ್ಟಿಷನರ್ ಆಗಿ, ಅಂದರೆ ವ್ಯಾಪಾರಿಗಳ ಪರವಾಗಿ ಜಿಎಸ್‌ಟಿ ಕೆಲಸ ಮಾಡುವವರಾಗಿ, ನಿಮ್ಮ ಹೆಸರಿನಲ್ಲಿ ನೋಂದಾಯಿಸಿಕೊಳ್ಳಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಪಿಸಿಟಿ-01 ಅರ್ಜಿ ಹಾಕಬೇಕು, ಒಪ್ಪಿದರೆ ಪಿಸಿಟಿ-02 ಪ್ರಮಾಣಪತ್ರ ಬರುತ್ತದೆ. ವ್ಯಾಪಾರಿ ಒಪ್ಪಿಗೆ ಕೊಟ್ಟರೆ ರಿಟರ್ನ್, ರೀಫಂಡ್ ಅರ್ಜಿ ನೀವೇ ಹಾಕಬಹುದು. ಅವರ ಪಾಸ್‌ವರ್ಡ್ ಇಟ್ಟುಕೊಳ್ಳುವ ಅಭ್ಯಾಸ ಬಿಡಿ, ಕಟ್ಟಬೇಕಾದ ತೆರಿಗೆ ನಿಮ್ಮ ಖಾತೆಗೆ ಹಾಕಿಸಿಕೊಳ್ಳಲೇಬೇಡಿ. ರಿಟರ್ನ್‌ನಲ್ಲಿನ ಲೆಕ್ಕಕ್ಕೆ ಕಾನೂನಿನ ಪ್ರಕಾರ ವ್ಯಾಪಾರಿಯೇ ಹೊಣೆ. ಫೈಲ್ ಮಾಡುವ ಮೊದಲು ಅಂಕಿ ತೋರಿಸಿ, ವಾಟ್ಸಾಪ್‌ನಲ್ಲಾದರೂ ಸರಿ, ಒಪ್ಪಿಗೆ ಬರಹದಲ್ಲಿ ತಗೊಳ್ಳಿ.

ಇದರ ಮಿತಿಯನ್ನೂ ಮುಚ್ಚಿಡಲಿಲ್ಲ. ಆದಾಯ ತೆರಿಗೆಯ ಟ್ಯಾಕ್ಸ್ ಆಡಿಟ್‌ಗೆ (ಲೆಕ್ಕ ತಪಾಸಣೆಗೆ) ಸಹಿ ಹಾಕಲು ಸಿಎ ಆಗಿರಲೇಬೇಕು. ಆ ಕೆಲಸ ನಿಜವಾಗಿಯೂ ಬೇಕು ಅನ್ನಿಸಿದರೆ ಪರೀಕ್ಷೆ ಬಿಡಬೇಡಿ. ಇಂಟರ್ ಈಗ ವರ್ಷಕ್ಕೆ ಮೂರು ಸಲ ನಡೆಯುತ್ತೆ, ಆದರೆ ಮೂರು ಸಲವೂ ಬರೆಯಲೇಬೇಕು ಅಂತೇನಿಲ್ಲ. 3ಬಿ ಗಡಿಬಿಡಿಯ ತಿಂಗಳಲ್ಲಿ ಅರ್ಧಂಬರ್ಧ ಓದಿ ಕೂರುವುದಕ್ಕಿಂತ, ಒಂದು ಅವಧಿ ಗುರುತಿಸಿ ರಜೆ ಹಾಕಿ ಓದಿ. ಸುಮ್ನೆ ಮನೆಯವರ ಸಮಾಧಾನಕ್ಕೆ ಮಾತ್ರ ಬರೆಯಬೇಡಿ.

"ನಾನು ಹಿಂದೆ ಬಿದ್ದೆ" ಅನ್ನುವ ಮಾತನ್ನು ಪದೇ ಪದೇ ಹೇಳುತ್ತಿದ್ದರು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಕಾಯ್ದೆ ಬಂದಿದೆ, ಸೆಕ್ಷನ್ ನಂಬರುಗಳೆಲ್ಲ ಬದಲಾಗಿವೆ. ಮೂವತ್ತು ವರ್ಷ ಅನುಭವ ಇರುವವರೂ ಹೊಸದಾಗಿ ಓದುತ್ತಿದ್ದಾರೆ. ಅದನ್ನು ನೆನಪಿಸಿದೆ.

ಅಪ್ಪನಿಗೆ ಹೇಗೆ ಹೇಳುವುದು ಅನ್ನುವುದು ಇವರಿಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ಆ ನೋಟ್‌ಬುಕ್ ತೋರಿಸಿ ಅಂದೆ. ಮೂರನೆಯ ಭೇಟಿಗೆ ಅಪ್ಪನೇ ಜೊತೆಗೆ ಬಂದರು. ಅವರು ಜಾಸ್ತಿ ಮಾತಾಡಲಿಲ್ಲ. ಹೊರಡುವಾಗ ಮಾತ್ರ, "ಪ್ರಮಾಣಪತ್ರದಲ್ಲಿ ನನ್ನ ಮಗಳ ಹೆಸರೇ ಬರುತ್ತಾ ಮೇಡಂ?" ಅಂತ ಕೇಳಿದರು. ಹೌದು ಅಂದೆ. ಸುಮಾ ಮುಖ ಕೆಳಗೆ ಹಾಕಿಕೊಂಡು ನೋಟ್‌ಬುಕ್ ಬ್ಯಾಗಿಗೆ ಹಾಕುತ್ತಿದ್ದರು.