ಓದುಗರ ಪ್ರಶ್ನೆ: ಸ್ವಾನ್ಸಿಯ ಸಂಸದೆ ಕ್ಯಾರೊಲಿನ್ ಹ್ಯಾರಿಸ್ ಗೆದ್ದ ಮೂರು ವಿಷಯಗಳು

ಕ್ಯಾರೊಲಿನ್ ಹ್ಯಾರಿಸ್ 2015ರಲ್ಲಿ ವೇಲ್ಸ್‌ನ ಸ್ವಾನ್ಸಿ ಪೂರ್ವ ಕ್ಷೇತ್ರದಿಂದ ಬ್ರಿಟನ್ ಸಂಸತ್ತಿಗೆ ಆಯ್ಕೆಯಾದ ಲೇಬರ್ ಪಕ್ಷದ ಸದಸ್ಯೆ. 2024ರಲ್ಲಿ ಗಡಿ ಬದಲಾಗಿ ಕ್ಷೇತ್ರಕ್ಕೆ ‘ನೀತ್ ಮತ್ತು ಸ್ವಾನ್ಸಿ ಪೂರ್ವ’ ಎಂಬ ಹೆಸರು ಬಂತು. ವಿರೋಧ ಪಕ್ಷದಲ್ಲಿ ಕುಳಿತೇ ಅವರು ಮಕ್ಕಳ ಅಂತ್ಯಕ್ರಿಯೆಯ ಖರ್ಚು, ಜೂಜಿನ ಯಂತ್ರ, ಋತುಬಂಧದ ಔಷಧಿ, ಈ ಮೂರರಲ್ಲಿ ಸರ್ಕಾರದ ನಿಲುವು ಬದಲಿಸಿದರು. ಅವರ ಕೆಲಸದ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಇಂಗ್ಲೆಂಡಿನಲ್ಲಿ ಮಕ್ಕಳ ಅಂತ್ಯಕ್ರಿಯೆ ಉಚಿತವಂತೆ. ಅದಕ್ಕೆ ಹೊಸ ಕಾಯಿದೆ ಬಂತೇ? ಪೂರ್ತಿ ಖರ್ಚನ್ನು ಸರ್ಕಾರವೇ ಕೊಡುತ್ತದೆಯೇ? (ಶಿವಮೊಗ್ಗ)

ಕಾಯಿದೆ ಬರಲಿಲ್ಲ, ಪೂರ್ತಿ ಖರ್ಚೂ ಸಿಗುವುದಿಲ್ಲ. ಹ್ಯಾರಿಸ್ ಅವರ ಎಂಟು ವರ್ಷದ ಮಗ 1989ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಅವನ ಅಂತ್ಯಕ್ರಿಯೆಗೆ ನೆರೆಹೊರೆಯವರು ಹಣ ಕೂಡಿಸಿದರು. ಸಾಲದೇ ಬಂದದ್ದಕ್ಕೆ ಸಾಲ ಮಾಡಬೇಕಾಯಿತು. ಸಂಸದೆಯಾದ ಮೇಲೆ ಅವರು ಇದನ್ನು ಸದನದಲ್ಲಿ ಬಿಚ್ಚಿಟ್ಟು, ಒಂದೇ ಬೇಡಿಕೆ ಮುಂದಿಟ್ಟರು: ಮಗುವನ್ನು ಮಣ್ಣು ಮಾಡುವುದಕ್ಕೆ ಅಥವಾ ದಹನ ಮಾಡುವುದಕ್ಕೆ ಕೌನ್ಸಿಲ್‌ಗಳು (ಸ್ಥಳೀಯ ಆಡಳಿತ ಸಂಸ್ಥೆಗಳು) ವಿಧಿಸುವ ಶುಲ್ಕ ಹೋಗಬೇಕು. ಆಗ ಕೌನ್ಸಿಲ್‌ಗೊಂದು ದರವಿತ್ತು. ಹೆತ್ತವರು ಯಾವ ಊರಿನಲ್ಲಿದ್ದಾರೆ ಎಂಬುದರ ಮೇಲೆ ಬಿಲ್ಲು ನಿರ್ಧಾರವಾಗುತ್ತಿತ್ತು.

ವೇಲ್ಸ್ ಸರ್ಕಾರ 2017ರ ನವೆಂಬರ್‌ನಲ್ಲಿ ಒಪ್ಪಿತು. ಪ್ರಧಾನಿ ಥೆರೇಸಾ ಮೇ ಇಂಗ್ಲೆಂಡಿಗೆ ಇದನ್ನು ಘೋಷಿಸಿದ್ದು 2018ರ ಈಸ್ಟರ್ ಹೊತ್ತಿಗೆ. ಆದರೆ ನಿಧಿ ಶುರುವಾಗಲು 2019ರ ಜುಲೈ 23ರವರೆಗೆ ಕಾಯಬೇಕಾಯಿತು. ಘೋಷಣೆಯಾದ ಮೇಲೂ ಬೆನ್ನು ಬಿಡಬಾರದು ಎಂಬುದಕ್ಕೆ ಒಂದು ವರ್ಷಕ್ಕೂ ಮೀರಿದ ಈ ಅಂತರವೇ ಸಾಕ್ಷಿ. 1992ರ ಸಾಮಾಜಿಕ ಭದ್ರತಾ ಕಾಯಿದೆಯಲ್ಲಿ ಆಗಲೇ ಅಧಿಕಾರವಿತ್ತು. ಅದರಡಿ ನಿಯಮ ಹೊರಡಿಸಿದರೆ ಸಾಕಾಯಿತು.

ಸಿಗುವುದು ಇಷ್ಟು: ಹೂಳುವ ಅಥವಾ ದಹನದ ಶುಲ್ಕ, ಜೊತೆಗೆ ಶವಪೆಟ್ಟಿಗೆ ಅಥವಾ ಹೊದಿಕೆಗೆ 300 ಪೌಂಡ್‌ವರೆಗೆ. 18 ತುಂಬದ ಮಕ್ಕಳು, 24ನೇ ವಾರದ ನಂತರ ಹೊಟ್ಟೆಯಲ್ಲೇ ತೀರಿಕೊಂಡ ಶಿಶುಗಳು ಇದರಲ್ಲಿ ಬರುತ್ತಾರೆ. ಆದಾಯ ಕೇಳುವುದಿಲ್ಲ. ಶುಲ್ಕಕ್ಕಾಗಿ ಹೆತ್ತವರು ಅರ್ಜಿ ಹಿಡಿದು ಓಡಾಡಬೇಕಿಲ್ಲ. ಸ್ಮಶಾನದವರು, ಅಂತ್ಯಕ್ರಿಯೆ ನಡೆಸುವವರು ನೇರವಾಗಿ ಸರ್ಕಾರದಿಂದ ಪಡೆಯುತ್ತಾರೆ. ಗಡುವು ಆರು ತಿಂಗಳು.

ಸಮಾಧಿಕಲ್ಲು, ಹೂವು, ವಾಹನ ಇದರಲ್ಲಿ ಸೇರಿಲ್ಲ. ಇಲ್ಲೇ ಹೆಚ್ಚಿನವರು ಎಡವುವುದು. ಕಡಿಮೆ ಆದಾಯದ ಕೆಲವು ಸರ್ಕಾರಿ ನೆರವು ಪಡೆಯುತ್ತಿರುವವರು ಉಳಿದ ಖರ್ಚಿಗೆ ‘ಫ್ಯೂನರಲ್ ಎಕ್ಸ್‌ಪೆನ್ಸಸ್ ಪೇಮೆಂಟ್’ ಕೇಳಬಹುದು. ಅದು ಬೇರೆ ಅರ್ಜಿ. ಅಲ್ಲಿರುವ ನಮ್ಮವರು ತಿಳಿದಿರಬೇಕಾದದ್ದು ಇನ್ನೊಂದಿದೆ. ಕ್ರಿಯೆ ಇಂಗ್ಲೆಂಡಿನಲ್ಲೇ ನಡೆದರೆ ಮಾತ್ರ ಈ ನಿಧಿ. ದೇಹವನ್ನು ಭಾರತಕ್ಕೆ ತರುವ ಖರ್ಚು ಇದರಿಂದ ಸಿಗದು.

ಬೆಟ್ಟಿಂಗ್ ಯಂತ್ರದ ಪಣವನ್ನು 100 ಪೌಂಡ್‌ನಿಂದ 2ಕ್ಕೆ ಇಳಿಸಿದರಂತೆ. ಅಷ್ಟು ದೊಡ್ಡ ಉದ್ಯಮದ ಎದುರು ವಿರೋಧ ಪಕ್ಷದ ಸಂಸದೆಗೆ ಅದು ಹೇಗೆ ಸಾಧ್ಯವಾಯಿತು? (ಹುಬ್ಬಳ್ಳಿ)

ಮೊದಲು ಯಂತ್ರದ ಲೆಕ್ಕ ನೋಡಿ. ಬ್ರಿಟನ್ನಿನ ಒಂದು ಬೆಟ್ಟಿಂಗ್ ಅಂಗಡಿಯಲ್ಲಿ ಇಂಥ ನಾಲ್ಕು ಯಂತ್ರ ಇಡಬಹುದು. 20 ಸೆಕೆಂಡಿಗೊಂದು ಆಟ, ಆಗ ಆಟಕ್ಕೆ 100 ಪೌಂಡ್‌ವರೆಗೆ ಪಣ. ಅಂದರೆ ಗಂಟೆಗೆ 180 ಆಟ, 18,000 ಪೌಂಡ್. ಅವುಗಳಲ್ಲಿ ಆಡುವ ರೂಲೆಟ್ ಎಂಬ ಚಕ್ರದ ಜೂಜಿನಲ್ಲಿ 37 ಮನೆಗಳು, ಗೆದ್ದರೆ ಪಣದ ಹಣವೂ ಸೇರಿ 36 ಪಟ್ಟು ವಾಪಸ್. ಹಾಗಾಗಿ ಹೂಡಿದ್ದರಲ್ಲಿ ಸರಾಸರಿ 37ನೇ ಒಂದು ಭಾಗ ಅಂಗಡಿಗೆ ಉಳಿಯುತ್ತದೆ: ಗಂಟೆಗೆ ಸುಮಾರು 486 ಪೌಂಡ್. ಪಣ 2 ಪೌಂಡ್ ಆದರೆ ಅದೇ ವೇಗದಲ್ಲಿ ಆ ನಷ್ಟ 10 ಪೌಂಡ್‌ಗಿಂತ ಕಡಿಮೆ. ‘ನೂರರಲ್ಲಿ 97ಕ್ಕೂ ಹೆಚ್ಚು ಆಟಗಾರನಿಗೇ ವಾಪಸ್’ ಎಂಬ ಉದ್ಯಮದ ಮಾತು ಸುಳ್ಳಲ್ಲ. ಆದರೆ ಆ ಶೇಕಡಾವಾರು ಪ್ರತಿ 20 ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಅನ್ವಯಿಸುತ್ತದೆ. ಹ್ಯಾರಿಸ್ ಅಧ್ಯಕ್ಷತೆಯ ಸರ್ವಪಕ್ಷ ಸಂಸದರ ಗುಂಪು ಪಣದ ಮಿತಿಯನ್ನೇ ಹಿಡಿದು ಕೂತದ್ದು ಇದಕ್ಕೇ.

2018ರ ಮೇ 17ರಂದು ಸರ್ಕಾರ 2 ಪೌಂಡ್ ಮಿತಿಗೆ ಒಪ್ಪಿತು. ಆದರೆ ಅಕ್ಟೋಬರ್‌ನ ಬಜೆಟ್‌ನಲ್ಲಿ ಜಾರಿಯ ದಿನಾಂಕ 2019ರ ಅಕ್ಟೋಬರ್ ಎಂದಾಯಿತು. ತೆರಿಗೆ ಆದಾಯ ತಗ್ಗುವುದನ್ನು ತುಂಬಿಕೊಳ್ಳಲು ಆನ್‌ಲೈನ್ ಜೂಜಿನ ತೆರಿಗೆಯನ್ನು ಶೇ. 15ರಿಂದ 21ಕ್ಕೆ ಏರಿಸಬೇಕು, ಎರಡೂ ಒಟ್ಟಿಗೇ ಆಗಲಿ ಎಂಬುದು ಸಮಜಾಯಿಷಿ. ವಿಳಂಬವನ್ನು ಒಪ್ಪದೆ ಸಚಿವೆ ಟ್ರೇಸಿ ಕ್ರೌಚ್ ನವೆಂಬರ್ 1ರಂದು ರಾಜೀನಾಮೆ ಕೊಟ್ಟರು.

ಹ್ಯಾರಿಸ್ ಹಿಡಿದ ಎಳೆ ಆ ತೆರಿಗೆಯೇ. ಹಿಂದಿನ ಬೆಂಚಿನ, ಅಂದರೆ ಮಂತ್ರಿಯಲ್ಲದ, ಸದಸ್ಯರು ಹೊಸ ತೆರಿಗೆ ಹೇರುವಂತಿಲ್ಲ, ಆದರೆ ಹಣಕಾಸು ಮಸೂದೆಗೆ ತಿದ್ದುಪಡಿ ತರಬಹುದು. ತೆರಿಗೆ ಏರಿಕೆಗೂ ಪಣದ ಮಿತಿಗೂ ಗಂಟು ಹಾಕಿ, ಎರಡೂ ಏಪ್ರಿಲ್‌ಗೇ ಬರುವಂತೆ ಒತ್ತುವ ತಿದ್ದುಪಡಿ ಸಿದ್ಧವಾಯಿತು. ಕನ್ಸರ್ವೇಟಿವ್ ಪಕ್ಷದ ಮಾಜಿ ನಾಯಕ ಇಯಾನ್ ಡಂಕನ್ ಸ್ಮಿತ್ ಸೇರಿದಂತೆ ಆಡಳಿತ ಪಕ್ಷದವರೂ ಸಹಿ ಹಾಕಿದರು. 2017ರ ಚುನಾವಣೆಯ ನಂತರ ಸರ್ಕಾರಕ್ಕೆ ಸ್ವಂತ ಬಹುಮತವಿರಲಿಲ್ಲ. ಬೆರಳೆಣಿಕೆಯ ಸದಸ್ಯರು ಆಚೆ ವಾಲಿದರೂ ಬಜೆಟ್ ಮಸೂದೆಯ ಮೇಲೇ ಸೋಲು. ನವೆಂಬರ್ 14ರಂದು ಸರ್ಕಾರ ಮಣಿಯಿತು. 2019ರ ಏಪ್ರಿಲ್ 1ರಿಂದ ಮಿತಿ ಜಾರಿಗೆ ಬಂತು. ಇಡೀ ಹೋರಾಟದಲ್ಲಿ ನಮಗೆ ಅತ್ಯಂತ ಜಾಣ ನಡೆ ಎನಿಸುವುದು ಇದು.

ಜಾರಿಯಾದ ಕೂಡಲೇ ಎರಡು ಕಂಪನಿಗಳು ರೂಲೆಟ್ ಹೋಲುವ ಬೇರೆ ಆಟಗಳನ್ನು ದೊಡ್ಡ ಪಣಕ್ಕೆ ತಂದವು. ಜೂಜು ನಿಯಂತ್ರಣ ಆಯೋಗ ಎಚ್ಚರಿಸಿದ ಮೇಲೆ ಹಿಂತೆಗೆದುಕೊಂಡವು. ಆನ್‌ಲೈನ್ ಸ್ಲಾಟ್ ಆಟಗಳಿಗೆ ಮಿತಿ ಬಂದದ್ದು 2025ರಲ್ಲಷ್ಟೇ: ಏಪ್ರಿಲ್‌ನಿಂದ 25 ತುಂಬಿದವರಿಗೆ 5 ಪೌಂಡ್, ಮೇ ತಿಂಗಳಿಂದ 18ರಿಂದ 24ರ ವಯಸ್ಸಿನವರಿಗೆ 2 ಪೌಂಡ್. ಅಂಗಡಿಯ ಯಂತ್ರಕ್ಕಿಂತ ಮೊಬೈಲ್ ಆರು ವರ್ಷ ಹಿಂದೆ ಬಿತ್ತು, ಇದು ದೊಡ್ಡ ಕೊರತೆ.

2021ರ ಋತುಬಂಧ ಮಸೂದೆಯನ್ನು ಅವರೇ ಹಿಂತೆಗೆದುಕೊಂಡರು. ಅದು ಸೋಲಲ್ಲವೇ? (ಮೈಸೂರು, ಕಾನೂನು ವಿದ್ಯಾರ್ಥಿ)

ಅಲ್ಲ. ಖಾಸಗಿ ಸದಸ್ಯರ, ಅಂದರೆ ಮಂತ್ರಿಯಲ್ಲದವರ, ಮಸೂದೆಯ ದಾರಿ ಹೇಗಿದೆ ನೋಡಿ. ಅಧಿವೇಶನದ ಆರಂಭದಲ್ಲಿ ಚೀಟಿ ಎತ್ತಿ 20 ಸದಸ್ಯರನ್ನು ಆರಿಸುತ್ತಾರೆ. ಚರ್ಚೆಗೆ ಇಡೀ ಅಧಿವೇಶನದಲ್ಲಿ 13 ಶುಕ್ರವಾರ, ಬೆಳಿಗ್ಗೆ 9.30ರಿಂದ ಮಧ್ಯಾಹ್ನ 2.30. ಮೊದಲ ಏಳು ಶುಕ್ರವಾರ ಎರಡನೇ ವಾಚನಕ್ಕೆ (ಮಸೂದೆಯ ಆಶಯದ ಮೇಲಿನ ಮೊದಲ ಚರ್ಚೆಗೆ) ಮೀಸಲು. ಒಬ್ಬರು 2.30ರವರೆಗೆ ಮಾತಾಡುತ್ತಲೇ ಇದ್ದರೆ ಮಸೂದೆ ಅಲ್ಲಿಗೇ ನಿಂತಂತೆ. ಮಾತು ನಿಲ್ಲಿಸಿ ಮತಕ್ಕೆ ಹಾಕಲು ಕನಿಷ್ಠ 100 ಸದಸ್ಯರ ಬೆಂಬಲ ಬೇಕು, ಅದೂ ಎಲ್ಲರೂ ಕ್ಷೇತ್ರಕ್ಕೆ ಹೊರಡುವ ಶುಕ್ರವಾರ! ಖಜಾನೆಯ ಹಣ ಬೇಕಾದರೆ ಅದರ ನಿರ್ಣಯವನ್ನು ಸರ್ಕಾರವೇ ಮಂಡಿಸಬೇಕು. ಮಂಡಿಸದಿದ್ದರೆ ಎರಡನೇ ವಾಚನ ಗೆದ್ದ ಮಸೂದೆಯೂ ಸಮಿತಿಯಲ್ಲಿ ಮುಗ್ಗರಿಸುತ್ತದೆ.

ಹ್ಯಾರಿಸ್ ಅವರ ಮಸೂದೆಯಲ್ಲಿ ಋತುಬಂಧದ ಹಾರ್ಮೋನ್ ಔಷಧಿಗೆ (ಎಚ್‌ಆರ್‌ಟಿ) ಇಂಗ್ಲೆಂಡಿನಲ್ಲಿ ಕೊಡಬೇಕಾದ ಶುಲ್ಕ ತೆಗೆಯುವ ಮಾತಿತ್ತು, ಅಂದರೆ ಖಜಾನೆಯ ಪ್ರಶ್ನೆ. 2021ರ ಅಕ್ಟೋಬರ್ 29ರ ಚರ್ಚೆಯ ದಿನ ಸರ್ಕಾರ ಶುಲ್ಕ ಇಳಿಸಲು, ಕಾರ್ಯಪಡೆ ರಚಿಸಲು ಒಪ್ಪಿತು. ಅವರು ಮಸೂದೆ ಬಿಟ್ಟು ಭರವಸೆ ಪಡೆದರು. ಮುಂದೆ ಆ ಕಾರ್ಯಪಡೆಗೆ ಸಚಿವೆಯ ಜೊತೆ ಸಹ ಅಧ್ಯಕ್ಷೆಯೂ ಆದರು, ಭರವಸೆ ಏನಾಯಿತೆಂದು ಒಳಗಿಂದಲೇ ಕೇಳುವ ಜಾಗ ಸಿಕ್ಕಿತು. ನಮ್ಮ ಸಂಸತ್ತಿನಲ್ಲಿ ಖಾಸಗಿ ಸದಸ್ಯರ ಮಸೂದೆ ಕೊನೆಯದಾಗಿ ಕಾಯಿದೆಯಾದದ್ದು 1970ರಲ್ಲಿ; ನಮ್ಮಲ್ಲೂ ಮಸೂದೆಯನ್ನು ಚೌಕಾಸಿಗೆ ಬಳಸುವುದೇ ಹೆಚ್ಚು ಫಲಕಾರಿ.

ವೇಲ್ಸ್‌ನಲ್ಲಿ ಔಷಧಿ ಹೇಗೂ ಉಚಿತ. ಹಾಗಿದ್ದರೆ ಅವರ ಮತದಾರರಿಗೆ ಏನು ಲಾಭ? (ಮಂಗಳೂರು)

ಶುಲ್ಕದ ಮಟ್ಟಿಗೆ ಏನೂ ಇಲ್ಲ. ವೇಲ್ಸ್ 2007ರ ಏಪ್ರಿಲ್‌ನಲ್ಲೇ ಪ್ರಿಸ್ಕ್ರಿಪ್ಷನ್ ಶುಲ್ಕ ತೆಗೆಯಿತು. ಆದರೆ ಉದ್ಯೋಗ ಕಾನೂನು ವೇಲ್ಸ್‌ಗೆ ಹಸ್ತಾಂತರವಾಗಿಲ್ಲ. ಕೆಲಸದ ಜಾಗದಲ್ಲಿ ಋತುಬಂಧದ ತೊಂದರೆ ಇರುವವರ ಹಕ್ಕು ವೆಸ್ಟ್‌ಮಿನ್‌ಸ್ಟರ್‌ನಲ್ಲೇ, ಅಂದರೆ ಬ್ರಿಟನ್ ಸಂಸತ್ತಿನಲ್ಲೇ, ತೀರ್ಮಾನವಾಗಬೇಕು.

ಇಂಗ್ಲೆಂಡಿನಲ್ಲಿದ್ದೇನೆ, ಎಚ್‌ಆರ್‌ಟಿ ತೆಗೆದುಕೊಳ್ಳುತ್ತಿದ್ದೇನೆ. ಆ ಪ್ರಮಾಣಪತ್ರ ಕೊಂಡರೆ ನಿಜಕ್ಕೂ ಉಳಿತಾಯವೇ? (ಮಿಲ್ಟನ್ ಕೀನ್ಸ್)

ಎಚ್‌ಆರ್‌ಟಿ ಮಾತ್ರ ತೆಗೆದುಕೊಳ್ಳುತ್ತಿದ್ದರೆ ಖಂಡಿತ. ಹ್ಯಾರಿಸ್ ಪಡೆದ ಭರವಸೆಯಂತೆ, ಎಚ್‌ಆರ್‌ಟಿ ಶುಲ್ಕವನ್ನು ವರ್ಷಕ್ಕೊಮ್ಮೆ ಮುಂಗಡವಾಗಿ ಕಟ್ಟುವ ಈ ಪ್ರಮಾಣಪತ್ರ 2023ರ ಏಪ್ರಿಲ್‌ನಲ್ಲಿ ಬಂತು. ಬೆಲೆ ಎರಡು ಔಷಧಿಗಳ ಶುಲ್ಕದಷ್ಟು. 2024ರ ಮೇ ತಿಂಗಳ ದರದಲ್ಲಿ ಒಂದು ಔಷಧಿಗೆ 9.90, ಪ್ರಮಾಣಪತ್ರಕ್ಕೆ ವರ್ಷಕ್ಕೆ 19.80 ಪೌಂಡ್. ಈಸ್ಟ್ರೋಜೆನ್ ಪ್ಯಾಚ್ ಮತ್ತು ಪ್ರೊಜೆಸ್ಟರಾನ್ ಮಾತ್ರೆಯನ್ನು ಮೂರು ತಿಂಗಳಿಗೊಮ್ಮೆ ತಂದರೆ ವರ್ಷಕ್ಕೆ ಎಂಟು ಶುಲ್ಕ, 79.20 ಪೌಂಡ್ ಆಗುತ್ತಿತ್ತು.

ಜೊತೆಗೆ ಪ್ರತಿ ತಿಂಗಳೂ ಬೇರೊಂದು ಮಾತ್ರೆ ಇದ್ದರೆ ಲೆಕ್ಕ ಬದಲಾಗುತ್ತದೆ. ಅದೊಂದಕ್ಕೇ 118.80 ಆಗುವುದರಿಂದ, 114.50ರ ಸಾಮಾನ್ಯ ವಾರ್ಷಿಕ ಪ್ರಮಾಣಪತ್ರ ಕೊಳ್ಳಿ. ಎಚ್‌ಆರ್‌ಟಿಯೂ ಅದರಲ್ಲೇ ಬರುತ್ತದೆ. ಎಚ್‌ಆರ್‌ಟಿ ಪ್ರಮಾಣಪತ್ರವನ್ನೇ ಬಳಸುವುದಾದರೆ, ಆ ಔಷಧಿಗಳನ್ನು ಪ್ರತ್ಯೇಕ ಚೀಟಿಯಲ್ಲಿ ಬರೆದುಕೊಡಲು ಡಾಕ್ಟರಿಗೆ ಮೊದಲೇ ಹೇಳಿ. ಬೇರೆ ಔಷಧಿ ಅದೇ ಚೀಟಿಯಲ್ಲಿದ್ದರೆ ಕೌಂಟರ್‌ನಲ್ಲಿ ತಕರಾರು ಬರುತ್ತದೆ. ಪ್ರಮಾಣಪತ್ರ ಕೈಗೆ ಬರುವ ಮೊದಲೇ ಔಷಧಿ ಕೊಂಡರೆ ಹಣ ಕಟ್ಟುವಾಗಲೇ ಎಫ್‌ಪಿ57 ರಸೀದಿ ಕೇಳಿ ಪಡೆಯಿರಿ. ಆಮೇಲೆ ಕೊಡುವುದಿಲ್ಲ, ಅದಿಲ್ಲದೆ ಹಣ ವಾಪಸ್ ಬರುವುದಿಲ್ಲ.

ಎಲ್ಲಕ್ಕಿಂತ ಮೊದಲು, ಥೈರಾಯ್ಡ್ ಕೊರತೆಗೆ ಮಾತ್ರೆ ನುಂಗುತ್ತಿದ್ದೀರಾ, ಅಥವಾ ಸಕ್ಕರೆ ಕಾಯಿಲೆಗೆ ಔಷಧಿ ಇದೆಯೇ ನೋಡಿ. ಇದ್ದರೆ ಯಾವ ಪ್ರಮಾಣಪತ್ರಕ್ಕೂ ದುಡ್ಡು ಕೊಡಬೇಡಿ. ನಿಮ್ಮ ಜಿ.ಪಿ. (ಕುಟುಂಬ ವೈದ್ಯರ) ಬಳಿ ಎಫ್‌ಪಿ92ಎ ಫಾರಂ ತುಂಬಿಸಿದರೆ ವೈದ್ಯಕೀಯ ವಿನಾಯಿತಿ ಸಿಗುತ್ತದೆ. ಸಾಮಾನ್ಯವಾಗಿ ಐದು ವರ್ಷ ಎಲ್ಲ ಪ್ರಿಸ್ಕ್ರಿಪ್ಷನ್‌ಗಳೂ ಉಚಿತ. 60 ತುಂಬಿದವರಿಗೆ ಫಾರಂ ಕೂಡ ಬೇಡ.