ಫಿಲ್ಟರ್ ತಡೆದ ರೂಟ್ ಹುಡುಕಿದರೆ ಖಾಲಿ ಉತ್ತರ ಬರುವುದೇಕೆ?

ರೂಟ್ ಎಂದರೆ ಅಡ್ರೆಸ್‌ಗಳ ಒಂದು ಗುಂಪಿಗೆ ಹೋಗುವ ದಾರಿ; ನೆರೆಯ ರೂಟರ್‌ಗಳು ಹೇಳುವ ದಾರಿಗಳಲ್ಲಿ ಬೇಡವಾದವನ್ನು ಫಿಲ್ಟರ್ ತಿರಸ್ಕರಿಸುತ್ತದೆ. ಅವನ್ನು ಹುಡುಕುವಾಗ ಪರೀಕ್ಷೆಯ ಕ್ರಮ ತಪ್ಪಿರುತ್ತದೆ. ‘ಈ ರೂಟ್ ಬೇಕೇ, ಬೇಡವೇ’ ಎಂಬ ಪರೀಕ್ಷೆ ಹುಡುಕಾಟದ ಒಳಗೇ, ಪ್ರತಿ ಮೆಟ್ಟಿಲಲ್ಲೂ ನಡೆಯಬೇಕು. ಹುಡುಕಿ ಮುಗಿಸಿದ ಮೇಲೆ ಅಲ್ಲ.

ಕಲಬುರಗಿಯ ಒಂದು ಇಂಟರ್ನೆಟ್ ಸಂಸ್ಥೆಯ ರೂಟರ್ ಎಂದುಕೊಳ್ಳಿ. ಹುಮನಾಬಾದಿನ ಗ್ರಾಹಕರಿಂದ 10.20.0.0/16 (ಮೊದಲ 16 ಬಿಟ್ ಒಂದೇ ಆಗಿರುವ ಅಡ್ರೆಸ್‌ಗಳ ಗುಂಪು) ಬಂದು ಒಪ್ಪಿಗೆಯಾಗಿದೆ. ಅದರೊಳಗಿನ 10.20.5.0/24 ಮಾತ್ರ ಫಿಲ್ಟರಿಗೆ ಸಿಕ್ಕು ತಿರಸ್ಕೃತ. ಈಗ 10.20.5.7ರ ದಾರಿ ಕೇಳಿದರೆ ರೂಟರ್ /32ರಿಂದ, ಅಂದರೆ ಆ ಒಂದೇ ಅಡ್ರೆಸ್‌ನಿಂದ, ಶುರುಮಾಡಿ ಒಂದೊಂದೇ ಬಿಟ್ ಕಡಿಮೆ ಮಾಡುತ್ತ ಅತಿ ಉದ್ದದ ಹೊಂದಿಕೆ ಹುಡುಕುತ್ತದೆ. ಸಾಮಾನ್ಯ ಹುಡುಕಾಟ /24 ದಾಟಿ /16ಕ್ಕೆ ಬರಬೇಕು, ಇಲ್ಲದಿದ್ದರೆ ಒಳ್ಳೆಯ ದಾರಿಯೂ ಕಾಣದು. ಫಿಲ್ಟರ್ ಆದವುಗಳ ಹುಡುಕಾಟ /24ರಲ್ಲೇ ನಿಲ್ಲಬೇಕು. ಮೊದಲು ಒಪ್ಪಿಗೆಯಾದವುಗಳಲ್ಲೇ ಹುಡುಕಿ, ಸಿಕ್ಕ /16ರಲ್ಲಿ ‘ತಿರಸ್ಕೃತ ಇದೆಯೇ’ ಎಂದು ನೋಡಿದರೆ ಸಿಗುವುದು ಸೊನ್ನೆ. ತಪ್ಪು ಇಷ್ಟು ಸಣ್ಣದು, ಆದರೆ ತಲೆ ಕೆಡಿಸುತ್ತದೆ.

ಇನ್ನೊಂದು ಮಾತು: ತಿರಸ್ಕೃತ ರೂಟ್ ಮೆಮೊರಿಯಲ್ಲೇ ಇಲ್ಲದಿದ್ದರೆ ಯಾವ ಹುಡುಕಾಟವೂ ಫಲಿಸದು. ರೂಟರ್ ನಡೆಸುವ ಬರ್ಡ್ (BIRD) ತಂತ್ರಾಂಶದಲ್ಲಿ, ತಿರಸ್ಕೃತವನ್ನೂ ಇಟ್ಟುಕೊಳ್ಳುವ ‘ಇಂಪೋರ್ಟ್ ಕೀಪ್ ಫಿಲ್ಟರ್ಡ್’ ಆಯ್ಕೆ ಮೂಲತಃ ಆಫ್. ಅದು ಆನ್ ಇದ್ದರಷ್ಟೇ ಅವು ರೂಟ್‌ಗಳ ಕೋಷ್ಟಕದಲ್ಲಿ ಅಡಗಿ ಉಳಿಯುತ್ತವೆ, ಬೇರೆಯವರಿಗೆ ಹೋಗುವುದಿಲ್ಲ. ಹಿಂದೆಯೇ ಎಸೆದವು ಬೇಕಾದರೆ ನೆರೆಯ ರೂಟರಿನಿಂದ ಮತ್ತೊಮ್ಮೆ ಕೇಳಿ ಪಡೆಯಬೇಕು. ಮೆಮೊರಿ ತುಂಬೀತೆಂಬ ಭಯವಿದ್ದರೆ ‘ರಿಸೀವ್ ಲಿಮಿಟ್’ ಹಾಕಿ, ಅದು ತಿರಸ್ಕೃತವನ್ನೂ ಎಣಿಸುತ್ತದೆ. ‘ಇಂಪೋರ್ಟ್ ಲಿಮಿಟ್’ ಒಪ್ಪಿಗೆಯಾದವನ್ನಷ್ಟೇ ಎಣಿಸುತ್ತದೆ.

ಮೊದಲು ಅಡ್ರೆಸ್ ಬದಲು 10.20.5.0/24 ಎಂದೇ ಬರೆದು ಕೇಳಿ ನೋಡಿ. ಅದು ಕಂಡು, ಅಡ್ರೆಸ್‌ಗೆ ಕಾಣದಿದ್ದರೆ ದೋಷ ಹುಡುಕಾಟದಲ್ಲಿದೆ.